ಬೀಳುವ ಚುಕ್ಕಿಗೆ ಮೂರು ಹೂವು

ನಮ್ಮ ಮನೆಯ ಹೆಂಗಸರು ಮಾಳಿಗೆ ಹತ್ತಬೇಕಾದರೆ ಕೈಯಲ್ಲಿ ಏನಾದರೂ ಇರಬೇಕಾಗಿತ್ತು. ಒಣಹಾಕಲು ಮೆಣಸಿನಕಾಯಿಯೋ ಹುಣಿಸೆಹಣ್ಣೋ, ಇಲ್ಲವೆ ಮಳೆಗೆ ಮುಂಚೆ ಬಿರುಕಿಗೆ ಮೆತ್ತಲು ಒಂದು ಮಂಕರಿ ಚೌಳುಮಣ್ಣೋ. ಬರಿಗೈಯಲ್ಲಿ ಏಣಿಯ ಹತ್ತಿರ ಸುಳಿದರೆ, ಅಜ್ಜಿ ಕೊಟ್ಟಿಗೆಯಲ್ಲಿ ಎಮ್ಮೆ ಕರೆಯುತ್ತಾ ಕೂತಿದ್ದರೂ ಅಲ್ಲಿಂದಲೇ "ಯಾರೇ ಅದು?" ಎಂದು ಕೂಗುತ್ತಿದ್ದಳು. ರಾಯಕೋಟೆಯ ದುರ್ಗದ ಬೆಟ್ಟ ಹಿತ್ತಲಿನಿಂದ ಕಾಣುವಷ್ಟು ಹತ್ತಿರದ ಹಳ್ಳಿ ನಮ್ಮದು. ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಆಮೇಲೆ ಅರ್ಧ ದನಗಳಿಗೆ ಅರ್ಧ ನಮಗೆ ಎಂಬಂತಿದ್ದ ನಡುಮನೆ, ಅದರ ಹಿಂದೆ ಹಗಲಲ್ಲೂ ದೀಪ ಬೇಡುವ ಅಡಿಗೆಮನೆ. ಅಡಿಗೆಮನೆಯ ಸೂರಿನಲ್ಲಿ ಹೊಗೆ ಹೋಗಲು ಒಂದು ಗವಾಕ್ಷಿ ಇತ್ತು. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಅಂಗಳಕ್ಕೆ ಇಳಿಯಬಾರದು ಎಂಬ ಮನೆಯಲ್ಲಿ ಬೆಳೆದ ನನಗೆ ರಾತ್ರಿಯ ಆಕಾಶವೆಂದರೆ ಆ ಗವಾಕ್ಷಿಯಷ್ಟೇ ಅಗಲದ್ದು. ಅದರಲ್ಲೂ ಮುಕ್ಕಾಲು ಪಾಲು ಹೊಗೆ.

ಈ ಮನೆಗೆ ಚಿಕ್ಕಪ್ಪನ ಹೆಂಡತಿಯಾಗಿ ಕಮಲಾ ಚಿಕ್ಕಮ್ಮ ಬಂದದ್ದು ಯುದ್ಧದ ಕಾಲದಲ್ಲಿ, ಸೀಮೆಎಣ್ಣೆ ಸಿಗದೆ ಊರೆಲ್ಲ ಮತ್ತೆ ಹೊಂಗೆ ಎಣ್ಣೆಯ ದೀಪಕ್ಕೆ ಮರಳಿದ್ದ ವರ್ಷ. ಅವಳು ಕೃಷ್ಣಗಿರಿಯವಳು. ಅವಳ ಅಪ್ಪ ಅಲ್ಲಿ ಮೇಷ್ಟರಾಗಿದ್ದವರು. ಅವರ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ಹಾಗಾಗಿ ಅವಳು ಕೊಡ ಅನ್ನಲು ಹೋಗಿ ಕುಡಂ ಅನ್ನುತ್ತಿದ್ದಳು, ಅಜ್ಜಿ ಅದನ್ನೇ ಹಿಡಿದು ಮೂರು ದಿನ ಆಡುತ್ತಿದ್ದಳು. ಆಗೆಲ್ಲ ಅಜ್ಜಿ ಅವಳನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. ಎದುರಿಗಿದ್ದಾಗ "ಏಯ್", ಎದುರಿಗಿಲ್ಲದಾಗ "ಕಿಷ್ಣಗಿರಿಯೋಳು". ಚಿಕ್ಕಮ್ಮ ತಿರುವಿದ ರಾಗಿಮುದ್ದೆಯಲ್ಲಿ ಗಂಟುಗಳು ಇರುತ್ತಿದ್ದವು ಎಂಬುದು ನಿಜ. ಅಜ್ಜಿ ಆ ಗಂಟುಗಳನ್ನು ಒಂದೊಂದಾಗಿ ಹುಡುಕಿ ತೆಗೆದು ತಣಿಗೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ, ಮಾತಿಲ್ಲದೆ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದಳು. ಚಿಕ್ಕಪ್ಪ ತನ್ನ ಪಾಲಿನ ಗಂಟುಗಳನ್ನು ಕಣ್ಣು ಮುಚ್ಚಿ ನುಂಗುತ್ತಿದ್ದ. ಅವನಿಂದ ಹೆಂಡತಿಗೆ ದೊರೆತ ಬೆಂಬಲ ಅಷ್ಟೇ. ಅವ್ವ ತಮ್ಮನನ್ನು ಹೆರಲು ಅಂಚೆಟ್ಟಿ ಕಡೆಯ ತವರಿಗೆ ಹೋಗಿದ್ದರಿಂದ ನಾನು ಚಿಕ್ಕಮ್ಮನ ಪಕ್ಕದಲ್ಲೇ ಮಲಗುತ್ತಿದ್ದೆ. ಆಗ ನನಗೆ ಎಂಟೋ ಒಂಬತ್ತೋ ವರ್ಷ.

ರಾಗಿ ಕೊಯ್ದು ಕಣಕ್ಕೆ ಬಂದು, ಅವರೆಕಾಯಿಯ ಸೊಗಡು ಊರ ತುಂಬ ಹಬ್ಬಿದ್ದ ದಿನಗಳು. ನಮ್ಮಲ್ಲಿ ಆ ತಿಂಗಳು ಬೆಳಿಗ್ಗೆ ಅವರೆಕಾಳು, ಮಧ್ಯಾಹ್ನ ಅವರೆಕಾಳು, ರಾತ್ರಿ ರುಚಿ ಬದಲಾಗಲಿ ಎಂದು ಹಿತಕಿದ ಅವರೆಬೇಳೆ. ಒಂದು ಸಂಜೆ ಅಡಿಗೆಮನೆಯಲ್ಲಿ ಮೂವರೂ ಕಾಯಿ ಬಿಡಿಸುತ್ತ ಕೂತಿದ್ದಾಗ ಚಿಕ್ಕಮ್ಮ ತಲೆ ಎತ್ತದೆ ಕೇಳಿದಳು:

"ಅತ್ತೆ, ನಾಳೆ ಊಟ ಆದ್ಮೇಲೆ ಒಂದು ಗಳಿಗೆ ಮಾಳಿಗೆ ಮೇಲೆ ಹೋಗ್ಲಾ?"

"ಏನ್ ಒಣಗ್ಸಾಕೆ?"

"ಒಣಗ್ಸೋಕಲ್ಲ. ನಕ್ಷತ್ರ ಬೀಳೋದು ನೋಡೋಕೆ."

ಅಜ್ಜಿಯ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಚುಕ್ಕಿ ಬಿತ್ತು ಅಂದರೆ ಎಲ್ಲೋ ಒಂದು ಜೀವ ಹೋಯಿತು ಎಂದು ನಮ್ಮ ಮನೆಯ ನಂಬಿಕೆ. ಅಪ್ಪಿತಪ್ಪಿ ಕಣ್ಣಿಗೆ ಬಿದ್ದರೆ ಮೂರು ಸಲ ಥೂ ಅನ್ನಬೇಕು, ಮೂರು ಹೂವಿನ ಹೆಸರು ಹೇಳಬೇಕು, ಆಮೇಲೆ ಆ ವಿಚಾರ ಎತ್ತಬಾರದು. ಅಂಥದ್ದನ್ನು ಹುಡುಕಿಕೊಂಡು ಹೋಗಿ ನೋಡುವುದೆಂದರೆ ಯಾರದೋ ಮನೆಯ ಹೆಣ ನೋಡಲು ಹಬ್ಬದ ಸೀರೆ ಉಟ್ಟು ಹೊರಟಂತೆ.

"ತಮಿಳಲ್ಲಿ ಎರಿನಕ್ಷತ್ತಿರಂ ಅಂತಾರೆ ಅತ್ತೆ. ಪ್ರತಿ ವರ್ಷ ಧನುರ್ಮಾಸ ಹುಟ್ಟೋಕೆ ಎರಡು ಮೂರು ದಿನ ಮುಂಚೆ ಮಿಥುನ ರಾಶಿ ಕಡೆಯಿಂದ ತುಂಬಾ ಬೀಳ್ತವೆ. ನಮ್ಮಪ್ಪ ನಾನು ಅಂಗಳದಲ್ಲಿ ಮಂಚ ಹಾಕ್ಕೊಂಡು ನೋಡ್ತಿದ್ವಿ."

"ಏರಿ ನಚ್ಚತ್ರವಾ? ಯಾವ ಕೆರೆ ಏರಿ?"

"ಏರಿ ಅಲ್ಲ, ಎರಿ. ಎರಿ ಅಂದ್ರೆ ಉರಿ."

"ಉರೀತಾ ಇರೋದು ನನ್ ಹೊಟ್ಟೆ ಕಣೆ! ಅತ್ತೆ ಕೆಳಗ್ ಮಲಗಿರೋವಾಗ ಸೊಸೆ ಮ್ಯಾಲೆ ಮಲಗಾದಾ? ನನ್ ತಲೆ ಮ್ಯಾಲೆ ಕಾಲ್ ಇಟ್ಕಂಡು? ನಿಮ್ಮಪ್ಪ ಮಗ್ಳಿಗೆ ಮುದ್ದೆ ತಿರುವಾದ್ ಕಲಿಸ್ನಿಲ್ಲ, ಆಕಾಸ ನೋಡಾದ್ ಕಲಿಸ್ದ!"

ಆ ರಾತ್ರಿ ಚಿಕ್ಕಮ್ಮ ಉಣ್ಣಲಿಲ್ಲ. ಹೊಟ್ಟೆನೋವು ಎಂದಳು. ಬೆಳಿಗ್ಗೆ ಎದ್ದು ನೋಡಿದರೆ ಎರಡು ಸೀರೆಯ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟುಕೊಂಡು, ಯಾವತ್ತಿಗಿಂತ ಬೇಗ ಮನೆ ಸಾರಿಸಿ ಮುಗಿಸಿದ್ದಳು.

"ಅತ್ತೆ, ನನ್ನ ಎರಡು ದಿನ ಕೃಷ್ಣಗಿರಿಗೆ ಕಳಿಸಿ. ನಮ್ಮಪ್ಪನಿಗೆ ಎರಡು ಕಣ್ಣಿಗೂ ಪೊರೆ ಬಂದೈತೆ. ಮೂರು ವರ್ಷದಿಂದ ಅವರಿಗೆ ಕಾಣಲ್ಲ. ನಾನು ಪಕ್ಕದಲ್ಲಿ ಮಲಕ್ಕೊಂಡು, ಅಗೋ ಇಲ್ಲಿಂದ ಅಲ್ಲಿಗೆ ಹೋಯ್ತು ಅಂತ ಹೇಳ್ತಿದ್ದೆ. ಅವರು ಎಣಿಸ್ತಿದ್ರು. ಈ ವರ್ಷ ಹೇಳೋರು ಯಾರೂ ಇಲ್ಲ."

"ಕಣ್ಣು ಹೋದ್ ಮ್ಯಾಲೂ ಬುದ್ಧಿ ಬರ್ನಿಲ್ವಾ ಅವ್ನಿಗೆ?" ಎಂದಳು ಅಜ್ಜಿ.

ಅಂದಳೇ ಹೊರತು ಮತ್ತೆ ಮತ್ತೆ ಆ ಗಂಟಿನ ಕಡೆಗೆ ನೋಡುತ್ತಿದ್ದಳು. ಮದುವೆಯಾಗಿ ವರ್ಷ ತುಂಬದ ಸೊಸೆ ಹಬ್ಬವಿಲ್ಲ ಹುಣ್ಣಿಮೆಯಿಲ್ಲ ಎನ್ನುವಾಗ ಗಂಟು ಹಿಡಿದು ಊರ ಬಾಗಿಲು ದಾಟಿದರೆ, ಅವಳು ರಾಯಕೋಟೆ ಮುಟ್ಟುವ ಮುಂಚೆಯೇ ಊರಿನಲ್ಲಿ ನಾಲ್ಕು ಕಥೆ ಹುಟ್ಟಿರುತ್ತಿದ್ದವು. ನಾಲ್ಕರಲ್ಲೂ ಕೆಟ್ಟವಳು ಅತ್ತೆಯೇ. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಎಮ್ಮೆಗೆ ಹೇಳುವವಳಂತೆ ಜೋರಾಗಿ ತನ್ನ ತೀರ್ಮಾನ ಹೇಳಿದಳು. ಹೋಗಲಿ, ಒಂದು ಗಳಿಗೆ ಹೋಗಲಿ. ಆದರೆ ತಾನೂ ಜತೆಗೆ ಬರುವವಳು, ಯಾಕೆಂದರೆ ಸೊಸೆ ಮೇಲಿದ್ದಾಗ ಅತ್ತೆಯೂ ಮೇಲಿದ್ದರೆ ತಲೆಯ ಪ್ರಶ್ನೆ ಬರುವುದಿಲ್ಲ. ಗಂಡಸರಿಗೆ ತಿಳಿಯಕೂಡದು. ಮತ್ತು ಕೈ ಖಾಲಿ ಬಿಟ್ಟುಕೊಂಡು ಆಕಾಶ ನೋಡುವುದು ಸೋಮಾರಿಗಳ ಕೆಲಸವಾದ್ದರಿಂದ, ನೆನೆಹಾಕಿದ ಅವರೆಕಾಳಿನ ಬೋಗುಣಿಯೂ ಮಾಳಿಗೆಗೆ ಬರಬೇಕು.

ಗಂಡಸರಿಗೆ ತಿಳಿಯಕೂಡದು ಎಂಬುದು ಸುಲಭವಾಗಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ರಾಗಿ ಮೆದೆ ಕಾಯಲು ಊರಾಚೆಯ ಕಣದಲ್ಲೇ ಮಲಗುತ್ತಿದ್ದರು. ಅವರು ಉಂಡು, ಕಂಬಳಿ ಹೊದ್ದು ಹೊರಟ ಮೇಲೆ ನಾವು ಹಿತ್ತಲಿಗೆ ಬಂದೆವು. ಅಜ್ಜಿ ಏಣಿ ಹತ್ತಿ ಎಷ್ಟೋ ವರ್ಷವಾಗಿತ್ತು. ಪ್ರತಿ ಮೆಟ್ಟಿಲಿಗೂ ಒಂದು ದೇವರನ್ನು ನೆನೆದಳು. ಮೇಲಿನ ಎರಡು ಮೆಟ್ಟಿಲಿಗೆ ದೇವರು ಸಾಲದೆ ಮೇಷ್ಟರನ್ನು ಬೈದಳು. ಚಿಕ್ಕಮ್ಮ ಚಾಪೆ ಹಾಸಿ, ಕಂಬಳಿ ಹೊದ್ದು, ಬೆನ್ನು ನೆಲಕ್ಕೆ ಹಚ್ಚಿ ಮಲಗಿದಳು. ನಾನು ಅವಳ ಪಕ್ಕ. ಹೀಗೆ ಅಂಗಾತ ಬಿದ್ದುಕೊಳ್ಳುವುದು ಮಾನವಂತರ ಲಕ್ಷಣವಲ್ಲ ಎಂದು ಅಜ್ಜಿ ಬೋಗುಣಿ ಮುಂದಿಟ್ಟುಕೊಂಡು ಕೂತೇ ಇದ್ದಳು.

ಅಷ್ಟು ಆಕಾಶವನ್ನು ನಾನು ಅದುವರೆಗೆ ಒಟ್ಟಿಗೆ ನೋಡಿರಲಿಲ್ಲ. ಅಮಾವಾಸ್ಯೆ ಹತ್ತಿರವಿತ್ತು, ಊರಿನಲ್ಲಿ ಒಂದು ದೀಪವಿಲ್ಲ. ಮೇಲೆ ಅಷ್ಟು ಬೆಳಕಿದ್ದೂ ಕೆಳಗೆ ನಮಗೆ ನಮ್ಮ ಕೈ ಕಾಣದು. ನನಗೆ ತಲೆ ತಿರುಗಿದಂತಾಗಿ, ಕೆಳಗಿನಿಂದ ಮೇಲಕ್ಕೆ ಬಿದ್ದುಬಿಡುತ್ತೇನೆ ಅನ್ನಿಸಿ ಚಾಪೆಯ ಅಂಚು ಹಿಡಿದುಕೊಂಡೆ. ಚಿಕ್ಕಮ್ಮ ಮೂಡಲ ಕಡೆ ಕೈ ಮಾಡಿ, ಒಂದರ ಪಕ್ಕ ಒಂದು ಹೊಳೆಯುವ ಎರಡು ಚುಕ್ಕಿ ತೋರಿಸಿ, ಅದು ಮಿಥುನ, ಅಲ್ಲಿಂದಲೇ ಬರುತ್ತವೆ ಎಂದಳು. ನಾವು ಕಾದೆವು. ಕಾಳು ಹಿತಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ನಿಮ್ಮಪ್ಪನ್ ನಚ್ಚತ್ರಗಳಿಗೆ ನಮ್ಮೂರ್ ದಾರಿ ಗೊತ್ತಿಲ್ಲವೇನೋ," ಎಂದಳು ಅಜ್ಜಿ.

ಹಾಗಂದ ಬಾಯಿ ಮುಚ್ಚುವ ಮುಂಚೆ ದುರ್ಗದ ಬೆಟ್ಟದ ಕಡೆಗೆ ಬೆಳ್ಳಗೆ ಒಂದು ಗೀರು ಎಳೆದಂತಾಯಿತು. ಅಜ್ಜಿಯ ಬೆರಳ ಸಂದಿಯ ಕಾಳು ಚಿಮ್ಮಿ ನನ್ನ ಕೆನ್ನೆಗೆ ಬಡಿಯಿತು.

"ಥೂ ಥೂ ಥೂ! ಮಲ್ಗೆ, ಸಂಪ್ಗೆ, ಕನಕಾಂಬ್ರ!"

ಅಷ್ಟರಲ್ಲಿ ಇನ್ನೊಂದು. "ಥೂ ಥೂ ಥೂ! ಸ್ಯಾವಂತ್ಗೆ, ತುಂಬೆ, ದಾಸಾಳ!" ಅದರ ಬೆನ್ನಿಗೇ ಮತ್ತೊಂದು. ನಾನು ಸಹಾಯ ಮಾಡಲು ಹೋಗಿ "ಮಲ್ಲಿಗೆ" ಎಂದೆ.

"ಅದ್ ಆಗೋಯ್ತು ಕಣೆ! ಒಂದ್ ಚುಕ್ಕಿಗೆ ಯೋಳಿದ್ ಹೂವು ಇನ್ನೊಂದಕ್ಕೆ ನಡ್ಯಾಕಿಲ್ಲ. ಎಂಜಲಾಗ್ತದೆ."

ಈ ನಿಯಮ ಮೊದಲಿಂದ ಇತ್ತೋ ಆಗ ತಾನೆ ಹುಟ್ಟಿತೋ ನನಗೆ ತಿಳಿಯದು. ಆದರೆ ಹುಟ್ಟಿದ ಮೇಲೆ ಅದು ನಮ್ಮ ಮೂವರ ಕತ್ತಿಗೂ ಬಿತ್ತು. ವರ್ಷಕ್ಕೆ ಒಂದೋ ಎರಡೋ ಚುಕ್ಕಿಗೆ ಮಾಡಿದ ಶಾಸ್ತ್ರ ಅದು. ಇಲ್ಲಿ ಉಸಿರು ತಿರುಗಿಸಲು ಬಿಡದೆ ಬೀಳುತ್ತಿದ್ದವು. ಪೂಜೆಗೆ ಸಲ್ಲುವ ಹೂವುಗಳೆಲ್ಲ ಬೇಗನೆ ಮುಗಿದವು. ಅಜ್ಜಿ ಹೊಲಕ್ಕಿಳಿದಳು: ಹುಚ್ಚೆಳ್ಳು ಹೂವು, ಕುಂಬಳದ ಹೂವು, ಹೀರೇ ಹೂವು. ಅಲ್ಲಿಂದ ಬೇಲಿಗೆ ಹೋದಳು: ಎಕ್ಕದ ಹೂವು, ಉಮ್ಮತ್ತಿ ಹೂವು, ತಂಗಡಿ ಹೂವು. ಬೇಲಿಯೂ ಬರಿದಾದಾಗ ಕತ್ತಲಲ್ಲಿ ಚಿಕ್ಕಮ್ಮನ ದನಿ ಮೆಲ್ಲಗೆ ಬಂತು:

"ತಾಳಂಪೂ ಅಂತ ಒಂದಿದೆ ಅತ್ತೆ."

"ತಮಿಳ್ ಹೂವು ನಡೀತದಾ?" ಅಜ್ಜಿ ಒಂದು ಕ್ಷಣ ಯೋಚಿಸಿದಳು. ಮೇಲೆ ಇನ್ನೊಂದು ಹಾದುಹೋಯಿತು. "ನಡೀತದೆ, ನಡೀತದೆ, ಯೋಳು ಯೋಳು!"

"ತಾಳಂಪೂ. ತಾಮರೈಪ್ಪೂ."

"ಅದ್ ತಾವರೇನೆ ಅಲ್ವೇನೆ? ಆಗ್ಲೇ ಯೋಳಾಯ್ತು! ನನಗೇ ಟೋಪಿ ಹಾಕ್ತೀಯಾ?"

ಚಿಕ್ಕಮ್ಮ ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳು ಸದ್ದು ಮಾಡಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿಗೆ ಕತ್ತು ನೋವು ಹತ್ತಿತ್ತು. ಮಾನದ ವಿಚಾರ ಬದಿಗಿಟ್ಟು ನನ್ನ ಇನ್ನೊಂದು ಪಕ್ಕಕ್ಕೆ ಬಂದು, ಉಸ್ಸೆಂದು ಅಂಗಾತ ಮಲಗಿದಳು. ಸ್ವಲ್ಪ ಹೊತ್ತು ಹೂವಿನ ಹೆಸರು ನಿಂತವು. ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದಳು:

"ಇಷ್ಟ್ ಜನಾನಾ? ಒಂದೇ ರಾತ್ರೀಲಿ? ಬರ್ಮಾ ಕಡೆ ಯುದ್ಧದಾಗೆ ಹೋಗ್ಬುಟ್ರೇನೆ ಇವ್ರೆಲ್ಲ? ಕೆಳಗಿನ ಬೀದಿ ಮುನಿಯಪ್ಪನ್ ಮಗಾನೂ ಅಲ್ಲೇ ಅವ್ನೆ."

"ಜೀವಗಳಲ್ಲ ಅತ್ತೆ. ಅದು ಬರೀ ಧೂಳು, ಸಣ್ಣ ಕಲ್ಲಿನ ಚೂರು. ಆಕಾಶದಲ್ಲಿ ಹೊತ್ಕೊಂಡು ಉರಿದು ಹೋಗ್ತವೆ. ಯುದ್ಧ ಇಲ್ಲದಾಗ್ಲೂ ಬೀಳ್ತಿದ್ವು. ನಾನು ಮೊದಲ ಸಲ ನೋಡಿದಾಗ ಇವಳಿಗಿಂತ ಚಿಕ್ಕೋಳು."

"ಸಾವಲ್ಲ ಅಂತೀಯಾ?"

"ಅಲ್ಲ ಅತ್ತೆ."

ಅಜ್ಜಿ ದೊಡ್ಡದಾಗಿ ಉಸಿರು ಬಿಟ್ಟಳು. "ಆಗ್ಲಿ. ಆದ್ರೂ ಉಗುಳ್ತೀನಿ. ಉಗುಳಿದ್ರೆ ಏನ್ ಗಂಟೋಗ್ತದೆ?"

ಆದರೆ ಅಷ್ಟು ಹೊತ್ತು ಥೂ ಅಂದು ಅಂದು ಅವಳ ಬಾಯಿ ಒಣಗಿಹೋಗಿತ್ತು. ಮಡಿಲಿನ ಚೀಲದಿಂದ ಎಲೆಅಡಿಕೆ ತೆಗೆದು ಹಾಕಿಕೊಂಡಳು. ಅದು ಬಾಯಲ್ಲಿ ಹದವಾಗಿ ಕೆಂಪೇರುತ್ತಿರುವಾಗ ಸರಿಯಾಗಿ ನೆತ್ತಿಯ ಮೇಲೆ ಒಂದು ಉದ್ದನೆಯದು ಉರಿದುಕೊಂಡು ಹೋಯಿತು. ಮಾಳಿಗೆ ಸಾರಿಸಿದ ನೆಲ, ಅಲ್ಲಿ ಉಗುಳುವಂತಿಲ್ಲ. ಅಜ್ಜಿ ಎದ್ದು, ತಡವರಿಸುತ್ತ ಬೀದಿ ಕಡೆಯ ಮೋಟುಗೋಡೆಯ ತನಕ ಹೋಗಿ, ಮೂರು ಸಲಕ್ಕಾಗುವಷ್ಟನ್ನು ಒಂದೇ ಸಲಕ್ಕೆ ಉಗುಳಿದಳು.

ಕೆಳಗೆ ಭಜನೆ ಮುಗಿಸಿಕೊಂಡು ಮಣೆಗಾರ ನಂಜಪ್ಪ ಹೋಗುತ್ತಿದ್ದರು. ಊರಿನ ಕಂದಾಯ ವಸೂಲಿಯ ಅಧಿಕಾರ ಅವರದು, ಊರಿನಲ್ಲಿ ಅಷ್ಟು ಬೆಳ್ಳಗಿನ ರುಮಾಲು ಇನ್ನೊಬ್ಬರದಿರಲಿಲ್ಲ. ವರಸೆಯಲ್ಲಿ ಅವರು ಅಜ್ಜಿಗೆ ತಮ್ಮನಾಗಬೇಕು. ಆದರೆ ನಾನು ಹುಟ್ಟುವ ಮುಂಚೆ ಅವರ ನಾಯಿ ನಮ್ಮ ಹುಂಜವನ್ನು ತಿಂದಿತ್ತು. ಅಜ್ಜಿ ಕೇಳಲು ಹೋದಾಗ, ನಾಯಿಯ ಬಾಯಲ್ಲಿ ಪುಕ್ಕ ಇದ್ದ ಮಾತ್ರಕ್ಕೆ ಅದು ನಿಮ್ಮ ಹುಂಜದ್ದೇ ಅನ್ನಲು ಏನು ಸಾಕ್ಷಿ ಎಂದು ಅವರು ಅಧಿಕಾರದ ದನಿಯಲ್ಲಿ ಕೇಳಿದ್ದರಂತೆ. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

"ಯಾವೋಳೇ ಅದು ಮ್ಯಾಲೆ?" ಎಂದು ಬೀದಿಯಿಂದ ಗುಡುಗು ಬಂತು.

ಅಜ್ಜಿ ದೊಪ್ಪನೆ ಕೂತು, ಬಗ್ಗಿ ತೆವಳಿಕೊಂಡು ಬಂದು ನನ್ನ ಬಾಯಿ ಮುಚ್ಚಿದಳು. "ಅಳ್ಳಾಡ್ಬ್ಯಾಡಿ. ಬೆಕ್ಕು ಅಂದ್ಕಂಡು ಹೋಯ್ತಾನೆ."

"ಬೆಕ್ಕು ಎಲೆಅಡಿಕೆ ಹಾಕ್ತದಾ?" ಎಂದು ಕೆಳಗಿನಿಂದ ಉತ್ತರ ಬಂತು. ಆ ಚಳಿಯಲ್ಲಿ ಪಿಸುಮಾತೂ ಬೀದಿಗೆ ಕೇಳುತ್ತಿತ್ತು. "ಹುಂಜದ್ ಸೇಡು ಇಂಗ್ ತೀರಿಸ್ಕತೀರಾ? ಮಣೆಗಾರನ್ ರುಮಾಲ್ ಮ್ಯಾಲೆ ಉಗುಳ್ತೀರಾ? ನಾಳೆ ಬೆಳಿಗ್ಗೆ ಅರಳಿಕಟ್ಟೆಗೆ ಪಂಚಾಯ್ತಿ ಕರೀತೀನಿ, ನೋಡ್ತಾ ಇರಿ!"

ಆಗ ಚಿಕ್ಕಮ್ಮ ಎದ್ದು ನಿಂತಳು. ಹೊಸ ಸೊಸೆ, ಗಂಡಸರು ಎದುರಾದರೆ ಗೋಡೆಯ ಕಡೆ ತಿರುಗಿ ನಿಲ್ಲುವವಳು, ಮೋಟುಗೋಡೆಯ ಹತ್ತಿರ ಹೋಗಿ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದಳು:

"ಮಾವ, ಉಗುಳಿದ್ದು ನಾನು. ನೀವು ಬರ್ತಿದ್ದದ್ದು ಕತ್ತಲಲ್ಲಿ ಕಾಣಲಿಲ್ಲ. ತಪ್ಪಾಯ್ತು. ಅತ್ತೆಗೆ ಏನೂ ಗೊತ್ತಿಲ್ಲ."

ಅಜ್ಜಿಯ ಕೈ ನನ್ನ ಬಾಯಿಂದ ತಾನೇ ಜಾರಿತು. ಮಣೆಗಾರರು ಗಂಟಲು ಸರಿಮಾಡಿಕೊಂಡು, "ಓಹೋ, ಕಿಷ್ಣಗಿರಿ ಹೆಣ್ಣಾ? ಪ್ಯಾಟೆಯೋರು ಇಂಗೇನಾ ಮಕ್ಕಳ್ನ ಸಾಕಾದು? ಬೀದೀಲಿ ಹೋಗೋರ್ ಮ್ಯಾಲೆ ಉಗುಳೋದ್ ಕಲಿಸವ್ರಾ ನಿಮ್ಮಪ್ಪ?" ಎಂದರು.

ಅಲ್ಲಿಗೆ ಅಜ್ಜಿ ಬೆಕ್ಕಾಗಿರುವುದನ್ನು ಬಿಟ್ಟಳು. ಹೇಗೆ ಎದ್ದಳೋ ತಿಳಿಯದು. ಚಿಕ್ಕಮ್ಮನನ್ನು ಪಕ್ಕಕ್ಕೆ ಸರಿಸಿ ಗೋಡೆಯ ಮೇಲೆ ಅರ್ಧ ಬಗ್ಗಿದ್ದಳು.

"ಲೇ ನಂಜ! ಅವ್ಳಲ್ಲ ಕಣ್ಲಾ, ನಾನು! ನಾನ್ ಉಗುಳಿದ್ದು! ನನ್ ಸೊಸೆ ಎಲೆಅಡಿಕೇನೇ ಹಾಕಾಕಿಲ್ಲ, ಕೆಂಪ್ಗೆ ಹೆಂಗ್ಲಾ ಉಗುಳ್ತಾಳೆ? ಅವ್ಳಪ್ಪನ್ ವಿಚಾರ ನಿಂಗ್ಯಾಕ್ಲಾ? ಮೇಷ್ಟ್ರ ಮಗಳ್ ಕಣೋ ಅವ್ಳು, ಆಕಾಸ್ದಾಗಿರೋದ್ಕೆಲ್ಲ ಹೆಸರ್ ಗೊತ್ತು ನನ್ ಸೊಸೆಗೆ!"

"ನಾನೇ ಮಾವ," ಎಂದಳು ಚಿಕ್ಕಮ್ಮ.

"ಸುಮ್ಕಿರೇ ಕಮ್ಲಿ! ನಾನ್ಲಾ!"

"ಅತ್ತೆ ಸುಮ್ನೆ ನನ್ನ ಉಳಿಸೋಕೆ ಹೇಳ್ತಾವ್ರೆ ಮಾವ."

"ಯಾರಾದ್ರೂ ಒಬ್ರು ಉಗುಳ್ರಮ್ಮ!" ಎಂದು ಮಣೆಗಾರರು ಅಳುವ ದನಿಯಲ್ಲಿ ಕೂಗಿದರು. "ಪಂಚಾಯ್ತೀಲಿ ನಾನ್ ಯಾರ ಹೆಸರ್ ಯೋಳ್ಲಿ?"

"ಇರು, ಇಳಿದ್ ಬತ್ತೀನಿ. ಎದುರ್ಗೇ ನಿಂತ್ಕಂಡು ಯೋಳ್ತೀನಿ ನಿಂಗೆ!" ಅಜ್ಜಿ ಸೀರೆ ಎತ್ತಿ ಸಿಕ್ಕಿಸಿ ಹಿತ್ತಲ ಕಡೆಗೆ ನುಗ್ಗಿದಳು. ಅಲ್ಲಿ ಕಾಲಿನಿಂದ ಏಣಿಯನ್ನು ತಡಕಿದಳು. ಒಂದು ಸಲ, ಇನ್ನೊಂದು ಸಲ. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂದು ಚಾಪೆಯ ಮೇಲೆ ಕೂತಳು. ಬೀದಿಯಿಂದ ದನಿ ಬಂತು:

"ಬಾ ಅಕ್ಕ, ಇಳಿದ್ ಬತ್ತೀನಿ ಅಂದ್ಯಲ್ಲ."

"ಬರಾಕಿಲ್ಲ. ನನ್ನಿಷ್ಟ."

"ಏಣಿ ಇಲ್ಲ ತಾತ! ಯಾರೋ ಎತ್ಕಂಡ್ ಹೋಗವ್ರೆ!" ಎಂದು ನಾನು ಕೂಗಿದೆ. ಅಜ್ಜಿ ನನ್ನ ತೊಡೆ ಜಿಗುಟಿದಳು, ಆದರೆ ಮಾತು ಬೀದಿ ತಲುಪಿಯಾಗಿತ್ತು.

ನಡೆದದ್ದು ಇಷ್ಟು. ಇಬ್ಬನಿ ಜಾಸ್ತಿಯಾಯಿತೆಂದು ಅಪ್ಪನಿಗೆ ಮೆದೆಯ ಮೇಲೆ ಚಾಪೆ ಹೊದಿಸುವ ಯೋಚನೆ ಬಂದಿದೆ. ಅದಕ್ಕೆ ಏಣಿ ಬೇಕು. ಮನೆಯಲ್ಲಿ ಇದ್ದದ್ದು ಅದೊಂದೇ. ಮಲಗಿರುವ ಹೆಂಗಸರಿಗೆ ಎಚ್ಚರವಾಗಬಾರದೆಂದು ಇಬ್ಬರೂ ಕಳ್ಳರಂತೆ ಹೆಜ್ಜೆಯಿಟ್ಟು ಬಂದು ಏಣಿ ಎತ್ತಿಕೊಂಡು ಹೋಗಿದ್ದಾರೆ. ಉಮ್ಮತ್ತಿ, ಎಕ್ಕಗಳ ಗಲಾಟೆ ನಿಂತು ನಾವು ಆಕಾಶದಲ್ಲೇ ಮುಳುಗಿದ್ದ ಹೊತ್ತಿಗೆ ಬಂದಿರಬೇಕು, ನಮಗೆ ಕೇಳಿಸಿಲ್ಲ. ಮಣೆಗಾರರು ಇದಾವುದೂ ತಿಳಿಯದೆ, ದೇವರೇ ತಮ್ಮ ಪಕ್ಷ ವಹಿಸಿದನೆಂದು ಹೊಟ್ಟೆ ತುಂಬ ನಕ್ಕರು.

"ನನ್ ಮನೇಲಿ ಏಣಿ ಐತೆ ಅಕ್ಕ. ತತ್ತೀನಿ. ನನ್ ನಾಯಿ ನಿನ್ ಹುಂಜ ತಿನ್ನಲಿಲ್ಲ ಅಂತ ಒಂದ್ ಮಾತು ಯೋಳ್ಬುಡು, ಸಾಕು."

"ತಿಂತು! ಪುಕ್ಕದ್ ಸಮೇತ ತಿಂತು! ಬೆಳಗಾನ ಇಲ್ಲೇ ಕೂತ್ಕತೀನಿ, ಚಳೀಗೆ ಸೆಟ್ಕತೀನಿ, ತಿನ್ನಲಿಲ್ಲ ಅನ್ನಾಕಿಲ್ಲ!"

ಹುಂಜವನ್ನು ಕಂಡರಿಯದ ಚಿಕ್ಕಮ್ಮ ಮತ್ತೆ ಗೋಡೆಯ ಬಳಿ ಹೋದಳು.

"ಮಾವ, ಹುಂಜದ ಮಾತು ಇಷ್ಟು ವರ್ಷ ಕಾದೈತೆ, ಇನ್ನೊಂದು ದಿನ ಕಾಯ್ಲಿ. ಇಲ್ಲಿ ಒಂದು ಬೋಗುಣಿ ಕಾಳು ಹಿತಕಿ ಆಗೈತೆ. ನಾಳೆ ಹಿತಕಿದ ಬೇಳೆ ಸಾರು ಮಾಡಿ ನಿಮಗೆ ಕಳಿಸ್ತೀನಿ. ರುಮಾಲೂ ನಾನೇ ಒಗೆದು ಕೊಡ್ತೀನಿ. ಮಗು ಚಳೀಲಿ ನಡುಗ್ತೈತೆ."

ನಾನು ನಡುಗುತ್ತಿರಲಿಲ್ಲ. ಆದರೂ ಹಲ್ಲು ಕಟಕಟ ಕಡಿದೆ. ಮಣೆಗಾರರು ಏನೋ ಹೇಳಲು ತಲೆ ಎತ್ತಿದರು. ಆ ಕ್ಷಣಕ್ಕೇ ಮಿಥುನದ ಕಡೆಯಿಂದ ಬೆಂಕಿಯ ಉಂಡೆಯಂಥದ್ದೊಂದು ಹೊರಟು, ಬೀದಿಯ ಮಣ್ಣು, ಎದುರು ಮನೆಯ ಹಂದರ, ಅವರ ರುಮಾಲಿನ ಕೆಂಪು ಕಲೆ ಎಲ್ಲವನ್ನೂ ಒಮ್ಮೆ ಹಸಿರು ಬೆಳಕಿನಲ್ಲಿ ತೋರಿಸಿ, ಬೆಟ್ಟದ ಹಿಂದೆ ಮುಳುಗಿತು.

"ಥೂ ಥೂ ಥೂ!" ಎಂದರು ಮಣೆಗಾರರು, ಮೇಲಕ್ಕೆ ಮುಖ ಮಾಡಿಕೊಂಡೇ.

"ನೋಡ್ದಾ? ನೀನೂ ಉಗುಳ್ದೆ!" ಎಂದಳು ಅಜ್ಜಿ. "ಸರಿಗ್ ಸರಿ ಆಯ್ತು. ಹೋಗ್ ಏಣಿ ತಾ."

ಅವರು ತಂದರು. ತಂದವರು, ನಾವು ಇಳಿಯುತ್ತೇವೆಂದು ಕೆಳಗೆ ಹಿಡಿದು ನಿಂತರೆ ನಾವಾರೂ ಇಳಿಯಲಿಲ್ಲ. ಅಜ್ಜಿ "ಕಮ್ಲಿ, ಇನ್ನೊಂದ್ ಸ್ವಲ್ಪ ನೋಡನ" ಎಂದು ಮತ್ತೆ ಮಲಗಿದ್ದಳು. ಕೊನೆಗೆ ಅವರೇ ಹತ್ತಿ ಬಂದು, ದೂರದ ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಮರ್ಯಾದೆಯಿಂದ ಕೂತರು. ಅವರ ಹೆಂಡತಿ ತೀರಿಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಮನೆಗೆ ಹೋಗುವ ಅವಸರ ಅವರಿಗೂ ಇರಲಿಲ್ಲವೆಂದು ಈಗ ತೋರುತ್ತದೆ. ಬಹಳ ಹೊತ್ತು ಸುಮ್ಮನಿರಲು ಅವರಿಂದ ಆಗಲಿಲ್ಲ. ಎಣಿಸಲು ಶುರುಮಾಡಿದರು. ದುರ್ಗದ ಬೆಟ್ಟ ದಾಟಿ ಬಿದ್ದವು ರಾಯಕೋಟೆಯ ಲೆಕ್ಕಕ್ಕೆ ಹೋಗುತ್ತವೆ, ನಮ್ಮ ಊರಿನ ಎಲ್ಲೆಯೊಳಗಿನವು ಮಾತ್ರ ನಮ್ಮವು ಎಂದು ಅವರ ವಾದ. ಅಜ್ಜಿಯ ಪ್ರಕಾರ ನಮ್ಮ ಮಾಳಿಗೆಯಿಂದ ಕಂಡದ್ದೆಲ್ಲ ನಮ್ಮದೇ. ಈ ಜಗಳದಲ್ಲಿ ಚುಕ್ಕಿಗಳು ತಮ್ಮ ಪಾಡಿಗೆ ಬೀಳುತ್ತಿದ್ದವು. ಹೂವಿನ ಹೆಸರು ಹೇಳುವುದು ಯಾವಾಗ ನಿಂತಿತೋ ಯಾರಿಗೂ ನೆನಪಿಲ್ಲ.

ಅಷ್ಟರಲ್ಲಿ ಹಿತ್ತಲಲ್ಲಿ ಹೆಜ್ಜೆ ಸದ್ದಾಯಿತು. ಅಪ್ಪ, ಚಿಕ್ಕಪ್ಪ ಏಣಿ ಹೊತ್ತು ವಾಪಸು ಬಂದಿದ್ದರು. ಗೋಡೆಗೆ ಆಗಲೇ ಒಂದು ಏಣಿ ಒರಗಿದೆ, ಮೇಲೆ ರುಮಾಲಿಲ್ಲದ ಒಂದು ಗಂಡಸಿನ ತಲೆ ಕಾಣುತ್ತಿದೆ.

"ಯಾರ್ಲಾ ಅದು ನಮ್ಮ ಮಾಳ್ಗೆ ಮ್ಯಾಲೆ?" ಎಂದು ಅಪ್ಪ ಗದರಿದ.

"ನಾನ್ ಕಣಪ್ಪ, ನಂಜಪ್ಪ."

"ಮಾವ? ಅಲ್ಲೇನ್ ಮಾಡ್ತಾ ಇದ್ದೀಯ?"

"ನಿಮ್ಮವ್ವನ ಜತೆ ನಚ್ಚತ್ರ ಎಣಿಸ್ತಾ ಇವ್ನಿ."

ಅಪ್ಪ ಹೊತ್ತಿದ್ದ ಏಣಿಯನ್ನು ಮೆಲ್ಲಗೆ ನೆಲಕ್ಕಿಟ್ಟ. ಆಮೇಲೆ ಒಂದೊಂದಾಗಿ ವಿಚಾರ ತಿಳಿದಾಗ ಚಿಕ್ಕಪ್ಪನ ಕಡೆ ತಿರುಗಿದ.

"ಹೆಂಗಸ್ರು ಮ್ಯಾಲವ್ರೆ ಅಂತ ನಿಂಗೊತ್ತಿತ್ತೇನ್ಲಾ?"

"ಗೊತ್ತಿತ್ತಣ್ಣ. ಅವಳ್ ಯೋಳಿದ್ಲು."

"ಮತ್ತೆ ನನ್ ಜತೆ ಏಣಿ ಹೊತ್ಯಲ್ಲಾ! ಒಂದ್ ಮಾತ್ ಯೋಳ್ಬಾರ್ದಾ?"

"ನಿನ್ ಮುಂದೆ ಅವಳ್ ಮಾತು ಹೆಂಗಣ್ಣ ಎತ್ಲಿ?" ಎಂದ ಚಿಕ್ಕಪ್ಪ. ಅಣ್ಣನ ಮುಂದೆ ಹೆಂಡತಿಯ ಸುದ್ದಿ ಎತ್ತುವುದಕ್ಕಿಂತ ಅವಳನ್ನು ಬೆಳಗಿನವರೆಗೆ ಮಾಳಿಗೆಯ ಮೇಲೆ ಬಿಡುವುದೇ ಅವನಿಗೆ ಮರ್ಯಾದೆಯಾಗಿ ಕಂಡಿತ್ತು.

ಮಾರನೆಯ ದಿನ ಪಂಚಾಯಿತಿ ಸೇರಲಿಲ್ಲ. ಸಾರು ಹೋಯಿತು. ಪಾತ್ರೆ ತೊಳೆದು ವಾಪಸು ಬಂತು. ಅದರೊಳಗೆ ನಾಲ್ಕು ನಿಂಬೆಹಣ್ಣು ಇದ್ದವು. ಹುಂಜದ ವಿಚಾರ ಇಬ್ಬರೂ ಸಾಯುವವರೆಗೆ ತೀರ್ಮಾನವಾಗಲಿಲ್ಲ, ಆದರೆ ಅದರ ಬಗ್ಗೆ ವಾದ ಮಾಡಲು ಮಣೆಗಾರರು ವಾರಕ್ಕೆರಡು ಸಲ ನಮ್ಮ ಪಡಸಾಲೆಗೆ ಬರತೊಡಗಿದರು. ಸಂಕ್ರಾಂತಿಗೆ ಚಿಕ್ಕಮ್ಮ ತವರಿಗೆ ಹೋದಾಗ ನಾನೂ ಜತೆಗೆ ಹೋದೆ. ಕಣ್ಣು ಕಾಣದ ಮೇಷ್ಟರು ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿದರು. ಯಾವ ಕಡೆಯಿಂದ, ಎಷ್ಟು ಉದ್ದ, ಯಾವ ಬಣ್ಣ ಎಂದು ವಿಚಾರಿಸಿದರು. ಹಸಿರು ಬೆಳಕಿನದನ್ನು ಎರಡು ಸಲ ಹೇಳಿಸಿಕೊಂಡರು. ಉಗುಳಿನ ಕಥೆಯನ್ನು ನಾಲ್ಕು ಸಲ. ನಾನು ಹೇಳುವಾಗ ಅವರು ತಲೆ ಆಡಿಸುತ್ತಿದ್ದ ರೀತಿಯಿಂದ, ಕಂಡದ್ದನ್ನು ಕಂಡ ಹಾಗೆ ಹೇಳುವುದು ಒಂದು ಕೆಲಸ, ಅದನ್ನು ಕಾದು ಕೂತವರಿರುತ್ತಾರೆ ಎಂದು ನನಗೆ ಮೊದಲ ಸಲ ಹೊಳೆಯಿತು. ಮುಂದೆ ನಾನು ಮಾತುಗಾತಿ ಎಂದು ಹೆಸರು ತಗೊಂಡದ್ದಕ್ಕೆ, ಮದುವೆಯಾದ ಮನೆಯಲ್ಲಿ ಅದಕ್ಕಾಗಿ ಬೈಸಿಕೊಂಡದ್ದಕ್ಕೆ ಆ ಗೋಡೆಯ ಬಳಿಯ ಸಂಜೆಯೇ ಕಾರಣವೆಂದು ನನ್ನ ಅನುಮಾನ.

ಮುಂದಿನ ವರ್ಷ ಆ ದಿನಗಳಲ್ಲಿ ಚಿಕ್ಕಮ್ಮ ಕೃಷ್ಣಗಿರಿಯಲ್ಲಿ ಬಾಣಂತಿ. ಹೆಣ್ಣು ಕೂಸು ಹುಟ್ಟಿ ಒಂದು ತಿಂಗಳಾಗಿತ್ತು. ಯಾರೂ ಹೇಳದೆಯೇ ಅಜ್ಜಿ ಆ ಸಂಜೆ ಬೇಗ ಊಟ ಮುಗಿಸಿ, ಏಣಿಯನ್ನು ಯಾರೂ ಎತ್ತದಂತೆ ಮಾಳಿಗೆಯ ತೊಲೆಗೆ ಹಗ್ಗದಿಂದ ಕಟ್ಟಿಸಿ, ನನ್ನನ್ನು, ಅವ್ವನನ್ನು, ತಮ್ಮನನ್ನು ಕರೆದುಕೊಂಡು ಮೇಲೆ ಹತ್ತಿದಳು. ಚಂದ್ರನ ಬೆಳಕಿದ್ದರೂ ತಕ್ಕಮಟ್ಟಿಗೆ ಬಿದ್ದವು. ಬೆಳಿಗ್ಗೆ ಕೃಷ್ಣಗಿರಿಗೆ ಹೊರಟ ಚಿಕ್ಕಪ್ಪನಿಗೆ ಒಂದು ಗಡಿಗೆ ತುಪ್ಪ ಕೊಟ್ಟು, "ನಮ್ಮಲ್ಲಿ ನೂರರ ಮ್ಯಾಲೆ ಬಿದ್ವು ಅಂತ ಯೋಳು. ಅಲ್ಲೆಷ್ಟು ಕೇಳ್ಕಂಡ್ ಬಾ" ಎಂದಳು. ನಾವು ನೋಡಿದ್ದು ಅದರಲ್ಲಿ ಅರ್ಧವೂ ಇರಲಿಲ್ಲ.

ಎರಡು ದಿನ ಬಿಟ್ಟು ಚಿಕ್ಕಪ್ಪ ಬಂದ. ಅಪ್ಪ, ಅವ್ವ, ಎಲ್ಲರೂ ಪಡಸಾಲೆಯಲ್ಲಿದ್ದೆವು.

"ಅಲ್ಲಿ ಮೋಡ ಅವ್ವ. ಒಂದೂ ಕಾಣಲಿಲ್ವಂತೆ. ಅವಳು ಕೂಸ್ನ ಹೊದಿಸ್ಕಂಡು ಬಾಗಿಲಲ್ಲೇ ಕೂತು ಕಾದೂ ಕಾದೂ ಒಳಗೋದ್ಲಂತೆ. ಮೇಷ್ಟ್ರು ಮಾತ್ರ ಹೊರಗೇ ಇದ್ರಂತೆ."

ಗೆದ್ದ ಖುಷಿಗೆ ಅಜ್ಜಿಯ ಮುಖ ಒಮ್ಮೆ ಅರಳಿತು. ಆಮೇಲೆ ಹಾಗೇ ಬಾಡಿತು. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದು, ಯಾರ ಮುಖವನ್ನೂ ನೋಡದೆ ಹೇಳಿದಳು:

"ಇನ್ ಮ್ಯಾಲೆ ಈ ತಿಂಗ್ಳಾಗೆ ಕಮ್ಲೀನ ಎಲ್ಲೂ ಕಳಿಸಾಕಿಲ್ಲ. ಬೇಕಾದ್ರೆ ಆ ಮೇಷ್ಟ್ರೇ ಇಲ್ಲಿಗ್ ಬರ್ಲಿ, ಮಂಚ ಎತ್ತಿ ಮಾಳ್ಗೆ ಮ್ಯಾಲ್ ಹಾಕನ. ಹೆರ್ಗೆ ಬ್ಯಾರೆ ತಿಂಗ್ಳು ಇಟ್ಕಳ್ರಿ."

"ಅದು ನಮ್ ಕೈಲೈತಾ ಅವ್ವ?" ಎಂದ ಚಿಕ್ಕಪ್ಪ.

"ಮತ್ತ್ಯಾರ್ ಕೈಲೈತ್ಲಾ?" ಎಂದಳು ಅಜ್ಜಿ.

ಅಣ್ಣನ ಎದುರಿಗೆ ಅಂಥ ಮಾತು ಕೇಳಿದ ಚಿಕ್ಕಪ್ಪ ಕಿವಿಯವರೆಗೆ ಕೆಂಪಾಗಿ, ಎತ್ತುಗಳಿಗೆ ನೀರು ಕುಡಿಸಬೇಕೆಂದು ಎದ್ದು ಹೋದ. ಎತ್ತುಗಳು ಕಣದಲ್ಲಿದ್ದವು, ಅವನು ಹೋದದ್ದು ಅಡಿಗೆಮನೆಗೆ.